ಹಾರಿಹೋದ ಸಾಲು

ಬಟ್ಟಲಿನ ತಳಕ್ಕೆ ಅಂಟಿಸಿದ್ದ ಹೆಸರಿನ ಚೀಟಿ ನೆನೆಯದಂತೆ ವರ್ಲೀನ್ ಅದನ್ನು ಎತ್ತಿ ಹಿಡಿದು ತೊಳೆಯುತ್ತಿದ್ದಳು. ಗಂಡ ಒಡೆಲ್‌ನನ್ನು ಮಣ್ಣು ಮಾಡಿದ ಮರುದಿನ. ಡೆಟ್ರಾಯಿಟ್‌ನ ಆ ಬೀದಿಯಲ್ಲಿ ಸಾವಿನ ಮನೆಗೆ ಊಟ ತಂದವರೆಲ್ಲ ಪಾತ್ರೆಯ ತಳಕ್ಕೆ ಹೆಸರು ಅಂಟಿಸಿರುತ್ತಾರೆ. ಮನೆಯವಳು ಒಂದೊಂದನ್ನೇ ಹಿಂದಿರುಗಿಸಬೇಕು. ಇದು ಎದುರು ಮನೆಯ ಅರ್ಲೀನಳದು; ಬೀದಿಯ ಕಿರಿಯರಿಗೆಲ್ಲ ಅವಳು ಮಿಸ್ ಅರ್ಲೀನ್.

"ಚರ್ಚಿಗೆ ಅಂತ ಅವಳು ಕೊಟ್ಟ ಹಾಡಿನ ರೆಕಾರ್ಡೂ ತಗೊಂಡ್ಹೋಗು," ಎಂದಳು ಅತ್ತೆ ಹ್ಯಾಟಿ. "ನನ್ನ ಕಣ್ಣಿಗೆ ಬೀಳೋದು ಬೇಡ."

*

ಹಿಂದಿನ ದಿನ ಚರ್ಚಿನಲ್ಲಿ, ಶವಪೆಟ್ಟಿಗೆ ಮುಚ್ಚುವ ಮುನ್ನ, ವರ್ಲೀನ್ ಅತ್ತೆಯ ಕಿವಿಯ ಹತ್ತಿರ ಬಗ್ಗಿದ್ದಳು.

"ಅಮ್ಮ, ಒಡೆಲ್‌ಗೆ ಇಷ್ಟದ ಆ ಹಾಡು ಒಂದು ಸಲ ಹಾಕೋಣ. ಅವನ ಆಸೆ ಅದು."

ಹ್ಯಾಟಿಯ ಕೈಯ ಬೀಸಣಿಗೆ ನಿಂತಿತು. "ರೇಡಿಯೋ ಹಾಡಾ? ಯೇಸುವಿನ ಮನೇಲಿ?"

"ಕುಣಿಯೋ ಹಾಡಲ್ಲಮ್ಮ. ಯುದ್ಧದಲ್ಲಿ, ಕಾರ್ಖಾನೇಲಿ ಸಾಯೋರ ಹಾಡು."

"ಕಾಲೇಜು ಓದಿದೀಯ ಅಂತ ನಂಗೆ ಚರ್ಚು ಕಲಿಸ್ಬೇಡ. ನನ್ನ ಮಗನ್ನ ಸ್ತೋತ್ರ ಹಾಡಿ ಕಳಿಸ್ತೀನಿ."

ಹಿಂದಿನ ಬೆಂಚಿನಲ್ಲಿ ಕಾರ್ಖಾನೆಯಲ್ಲಿ ಒಡೆಲ್‌ನ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರು ಪಿಸುಗುಟ್ಟುತ್ತಿದ್ದರು.

"ಏನು ಗಂಟಲೋ ಅವನ್ದು! ಹಾಡಿದ್ರೆ ಮೆಷೀನೇ ಹೆದರಿ ನಿಲ್ಬೇಕು."

"ಅವತ್ತು ಹಾಡಿರ್ಬೇಕಿತ್ತು," ಎಂದ ಇನ್ನೊಬ್ಬ.

ಇಬ್ಬರೂ ನೆಲ ನೋಡಿದರು. ಒಡೆಲ್‌ನನ್ನು ನುಂಗಿದ ಮೆಷೀನು ಆಗಲೇ ಮತ್ತೆ ಓಡುತ್ತಿತ್ತು.

ಸ್ತೋತ್ರ ಶುರುವಾಯಿತು. ವರ್ಲೀನ್ ತುಟಿ ಬಿಚ್ಚಲಿಲ್ಲ.

*

"ಚರ್ಚಲ್ಲಿ ಹಾಕ್ಲಿಲ್ವಲ್ಲ ಮಗಳೇ," ಎಂದಳು ಅರ್ಲೀನ್, ತನ್ನ ಮನೆಯಲ್ಲಿ ಬಟ್ಟಲನ್ನೂ ರೆಕಾರ್ಡನ್ನೂ ತೆಗೆದುಕೊಳ್ಳುತ್ತ.

"ಅಮ್ಮ ಬೇಡ ಅಂದ್ರು."

"ನೀನು?"

"ಸುಮ್ಮನಿದ್ದೆ, ಮಿಸ್ ಅರ್ಲೀನ್."

ಅರ್ಲೀನ್ ರೆಕಾರ್ಡಿನ ಮೇಲಿನ ಉದ್ದನೆಯ ಗೀರನ್ನು ಬೆರಳಿನಿಂದ ಸವರಿದಳು. "ಇದು ನನ್ನ ಕೈಯಿಂದಾದದ್ದು. ನನ್ನ ಮಗನ ರೆಕಾರ್ಡು. ವಿಯೆಟ್ನಾಂನಿಂದ ಅವನು ಹೋದ ಸುದ್ದಿ ಬಂದಾಗ ಇದೇ ಹಾಡ್ತಿತ್ತು. ಹೊಡೆದು ನಿಲ್ಲಿಸ್ದೆ. ಆಮೇಲೆ ಆ ಒಂದು ಸಾಲು ಯಾವಾಗ್ಲೂ ಹಾರಿಹೋಗುತ್ತೆ. ನಾನು ಹಾಕ್ದಾಗೆಲ್ಲ, ಆ ಸಾಲು ಬಂದಾಗ ನಿನ್ನ ಗಂಡ ನಿಮ್ಮ ಕಿಟಕಿಯಿಂದ ಬೇಕಂತ್ಲೇ ಗಟ್ಟಿಯಾಗಿ ಹಾಡೋನು. ನಂಗೆ ಕೇಳ್ಲಿ ಅಂತ."

ಅವಳು ಕಿಟಕಿ ತೆರೆದಳು. ಗ್ರಾಮಫೋನಿಗೆ ರೆಕಾರ್ಡು ಹಾಕಿ, ಮುಳ್ಳಿನ ತಲೆಯ ಮೇಲೆ ಭಾರಕ್ಕೊಂದು ತಾಮ್ರದ ಬಿಲ್ಲೆ ಇಟ್ಟಳು. ಹಾಡು ಬೀದಿಗೆ ಹರಿಯಿತು. ಎದುರುಗಡೆ ವರ್ಲೀನಳದೇ ಅಡುಗೆಮನೆಯ ಕಿಟಕಿಯಲ್ಲಿ ಹ್ಯಾಟಿ ಕಾಣಿಸಿಕೊಂಡಳು. ಕಿಟಕಿಯನ್ನು ಕೆಳಗೆಳೆದು ಮುಚ್ಚತೊಡಗಿದಳು.

ಮುಳ್ಳು ಗೀರಿಗೆ ಬಂದು ಹಾರಿತು. ಅರ್ಲೀನ್ ಅಭ್ಯಾಸದಿಂದ ಆ ಕಡೆ ಕಿವಿಗೊಟ್ಟಳು. ಏನೂ ಕೇಳಿಸಲಿಲ್ಲ.

ವರ್ಲೀನ್ ಮುಳ್ಳನ್ನು ಎತ್ತಿ ಸ್ವಲ್ಪ ಹಿಂದಕ್ಕೆ ಇಟ್ಟಳು. ಗೀರು ಹತ್ತಿರವಾಗುತ್ತಿದ್ದಂತೆ ಬಾಯಿ ತೆರೆದಳು. ರಾಗ ಸಿಗಲಿಲ್ಲ. ಆದರೂ ಹಾಡಿದಳು:

"ನಮ್ಮ ಬೀದಿಯ ಗಂಡುಮಕ್ಕಳ ಎಲ್ಲಿಟ್ಟಿರಿ, ಎಲ್ಲಿಟ್ಟಿರಿ?"

ಎದುರು ಮನೆಯಲ್ಲಿ, ಅರ್ಧ ಇಳಿದ ಕಿಟಕಿಯ ಚೌಕಟ್ಟನ್ನು ಹಿಡಿದ ಹ್ಯಾಟಿಯ ಕೈ ಅಲ್ಲೇ ನಿಂತಿತ್ತು.