ಮೊಟ್ಟೆಗೆ ಇಳಿಯದ ಟೋಪಿ

೨೦೨೫ರ ಜುಲೈ ೧೫, ಮಂಗಳವಾರ, ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷ. ಅಕ್ಬರಿ ಬೇಗಂ ನಮಾಜಿಗೆಂದು ಪರದೆಯ ಹಿಂದೆ ಸರಿದದ್ದೇ ತಡ, ದ್ಯಾವಮ್ಮ ಹೊಲಿಗೆ ಯಂತ್ರದ ಮೇಲಿದ್ದ, ಉಲ್ಲನ್ ಹೆಣೆಯುವ ಅವಳ ಕ್ರೋಶ ಕಡ್ಡಿಯನ್ನು ಎತ್ತಿಕೊಂಡು ಆ ಜಾಗದಲ್ಲಿ ತನ್ನದನ್ನು ಇಟ್ಟಳು. ಎರಡೂ ಒಂದೇ ಅಂಗಡಿಯವು, ಎರಡರ ಮೇಲೂ ನಾಲ್ಕು ಎಂಬ ಅಳತೆಯ ಅಂಕಿಯಿತ್ತು. ಆದರೂ ಅಕ್ಬರಿಯದು ಕೂದಲೆಳೆಯಷ್ಟು ದಪ್ಪವಾಗಿ ಕಂಡಿತು.

ಕೆ.ಆರ್.ಪೇಟೆ ಬಸ್ ನಿಲ್ದಾಣದ ಹತ್ತಿರ, ಅಕ್ಬರಿಯ ಹೊಲಿಗೆ ಅಂಗಡಿಯ ಜಗಲಿಯ ಮೇಲೆ ದ್ಯಾವಮ್ಮ ಇಪ್ಪತ್ತೆರಡು ವರ್ಷದಿಂದ ಹೂ ಕಟ್ಟಿ ಮಾರುತ್ತಿದ್ದಳು. ಇಬ್ಬರೂ ಜಗಳವಾಡಿದ ದಿನಗಳಿದ್ದವು, ಆದರೆ ಬುತ್ತಿ ಹಂಚಿಕೊಳ್ಳದ ದಿನ ಇರಲಿಲ್ಲ. ಈಗ ಆಷಾಢ. ಮದುವೆಗಳಿಲ್ಲ, ಶುಕ್ರವಾರ ಒಂದನ್ನು ಬಿಟ್ಟರೆ ಹೂವಿಗೆ ಗಿರಾಕಿಯಿಲ್ಲ. ಅಂಥ ಹೊತ್ತಿನಲ್ಲೇ, ಹಿಂದಿನ ವಾರ, ದ್ಯಾವಮ್ಮನ ಊರಾದ ಸಿಂಧಘಟ್ಟದ ಅಂಗನವಾಡಿ ನಡೆಸುವ ಶ್ವೇತ ಒಂದು ಕೆಲಸ ಹೊತ್ತು ಅಕ್ಬರಿಯ ಹತ್ತಿರ ಬಂದಳು. ಬೇಯಿಸಿದ ಮೊಟ್ಟೆಯನ್ನು ಮಕ್ಕಳು ಮುಟ್ಟುತ್ತಿಲ್ಲ. ಮೊಟ್ಟೆಗೆ ಕೋಳಿಮರಿ ಮುಖದ ಉಲ್ಲನ್ ಟೋಪಿ ತೊಡಿಸಿ ಮುಂದಿಟ್ಟರೆ, ಟೋಪಿ ಕೀಳುವ ಆಸೆಗಾದರೂ ತಿಂದಾರು. ಇಪ್ಪತ್ತು ಟೋಪಿ ಬೇಕು, ಇಪ್ಪತ್ತೊಂದನೇ ತಾರೀಕು ಸೋಮವಾರಕ್ಕೆ.

"ಹತ್ತು ನಂಗಿರ್ಲಿ ಬುಡು," ಅಂದಳು ದ್ಯಾವಮ್ಮ.

"ನಿಂಗೆ ಕ್ರೋಶ ಬತ್ತದಾ ದ್ಯಾವಕ್ಕ?" ಅಂದಳು ಶ್ವೇತ.

"ಕಲ್ತ್ರೆ ಬತ್ತದೆ. ನಲವತ್ತು ವರ್ಸ ಗಂಟಾಕಿರೋ ಕೈ ಕಣವ್ವ ಇದು. ಇದ್ಕೆ ಯಾರು ಯೋಳ್ಕೊಡ್ಬೇಕು?"

ಬಸ್ಸಿಗೆ ಕಾದಿದ್ದವರೆಲ್ಲ ಕೇಳಿಸಿಕೊಂಡರು. ಸಂಜೆಯ ಹೊತ್ತಿಗೆ ಆ ಮಾತು ಅವಳಿಗಿಂತ ಮೊದಲು ಊರು ಸೇರಿತ್ತು. ಇನ್ನು ಟೋಪಿ ಕೈಕೊಟ್ಟರೆ ತಲೆಯೆತ್ತಿ ಓಡಾಡುವಂತಿರಲಿಲ್ಲ.

ಅಕ್ಬರಿ ಒಂದೇ ಮಧ್ಯಾಹ್ನದಲ್ಲಿ ಹೇಳಿಕೊಟ್ಟಿದ್ದಳು. ಆರು ಕುಣಿಕೆಯ ಸಣ್ಣ ಉಂಗುರ, ಅದರ ಸುತ್ತ ಹನ್ನೆರಡು, ಹದಿನೆಂಟು, ಇಪ್ಪತ್ನಾಲ್ಕು. ಅಲ್ಲಿಂದ ಹೆಚ್ಚಿಸದೆ ಕೆಳಗಿಳಿಸುವುದು. ಅಕ್ಬರಿಯ ಟೋಪಿ ಮೊಟ್ಟೆಯ ನಡುಮಟ್ಟದವರೆಗೆ ಇಳಿದು ಕೂತಿತು. ದ್ಯಾವಮ್ಮನದು ನೆತ್ತಿಯ ಮೇಲೇ ಸೆಟೆದು ನಿಂತಿತು. ಬಿಚ್ಚಿ ಹೆಣೆದಳು, ಮತ್ತೆ ಬಿಚ್ಚಿದಳು. ಒಂದೂ ಇಳಿಯಲಿಲ್ಲ. "ಇನ್ನೊಂದು ಎಣಿ, ಬತ್ತದೆ," ಎಂದಷ್ಟೇ ಹೇಳಿ ಅಕ್ಬರಿ ಗಿರಾಕಿಯ ರವಿಕೆಗೆ ಕತ್ತರಿ ಹಾಕುತ್ತಿದ್ದಳು.

ಮನಸ್ಸಿಗೆ ಮುಳ್ಳು ಚುಚ್ಚಿದ್ದು ಅಲ್ಲೇ. ತಪ್ಪೆಲ್ಲಿದೆಯೆಂದು ತಿಳಿದವಳು ಹೇಳುವುದಿಲ್ಲವೇಕೆ? ತನಗೆ ಬರದಿದ್ದರೆ ಇಪ್ಪತ್ತೂ ಅವಳದ್ದೇ ಅಲ್ಲವೇ?

ಕದ್ದ ಕಡ್ಡಿಯಲ್ಲಿ ಹೆಣೆದ ಟೋಪಿಯೂ ನೆತ್ತಿಯಲ್ಲೇ ನಿಂತಿತು. ಹಾಗಾದರೆ ಉಲ್ಲನ್ನಿನಲ್ಲೇ ಏನೋ ಇದೆ. ಬುಧವಾರ, "ನಿನ್ನ ಅಳದಿ ಚೆಂದ ಅದೆ, ಬದ್ಲಾಯಿಸ್ಕೊ," ಎಂದು ಉಂಡೆ ಅದಲುಬದಲು ಮಾಡಿಕೊಂಡಳು. ಅದೂ ಹಾಗೇ ಆಯಿತು. ಗುರುವಾರ ಅಕ್ಬರಿ ಚಹಾ ತರಲು ಹೋದಾಗ ಅವಳ ಟೋಪಿಯ ಕುಣಿಕೆಗಳನ್ನು ಹೇರ್‌ಪಿನ್ನಿನಿಂದ ಎಣಿಸಿದಳು. ಇಪ್ಪತ್ನಾಲ್ಕು. ತನ್ನದನ್ನೂ ಎಣಿಸಿದಳು. ಇಪ್ಪತ್ನಾಲ್ಕು.

ಕಡ್ಡಿಯಲ್ಲ, ದಾರವಲ್ಲ, ಲೆಕ್ಕವಲ್ಲ. ಉಳಿದದ್ದೊಂದೇ: ತಾನು ನೋಡದಾಗ ಅಕ್ಬರಿ ಏನೋ ಮಾಡುತ್ತಾಳೆ. ಶುಕ್ರವಾರ ಹೂವಿನ ನಡುವೆಯೂ ಒಂದು ಕಣ್ಣು ಅಲ್ಲೇ ಇಟ್ಟಳು. ಅಕ್ಬರಿ ಬೆಳಕು ಬೇಕೆಂದು ಕಿಟಕಿಯ ಕಡೆ ತಿರುಗಿ, ಜಗಲಿಗೆ ಬೆನ್ನು ಮಾಡಿ ಕೂತಿದ್ದಳು. ದ್ಯಾವಮ್ಮನಿಗೆ ಅಷ್ಟು ಸಾಕಾಯಿತು.

ಶನಿವಾರ ಶ್ವೇತ ಬೇಯಿಸಿದ ಮೊಟ್ಟೆಯೊಂದನ್ನು ಡಬ್ಬಿಯಲ್ಲಿ ಇಟ್ಟುಕೊಂಡೇ ಬಂದಳು. ಅಕ್ಬರಿಯ ಹತ್ತೂ ಸರಿಯಾಗಿ ಕೂತವು. ದ್ಯಾವಮ್ಮನ ಟೋಪಿ ನೋಡಿ, "ಇದು ಗುಬ್ಬಿ ಮೊಟ್ಟೆಗಾ ದ್ಯಾವಕ್ಕ?" ಎಂದು ನಕ್ಕು, "ಮಿಕ್ಕಿದ್ದನ್ನೂ ಅಕ್ಬರಮ್ಮನೇ ಮಾಡ್ಲಿ ಬುಡು," ಅಂದಳು.

"ಅದೇ ತಾನೆ ಅವಳ್ಗೂ ಬೇಕಾಗಿದ್ದು," ಅಂದಳು ದ್ಯಾವಮ್ಮ. "ಅರ್ಧ ಯೋಳ್ಕೊಟ್ಟು ಅರ್ಧ ಮಡೀಕೊಂಡವ್ಳೆ."

ಯಂತ್ರ ನಿಂತಿತು. ಅಕ್ಬರಿ ಕನ್ನಡಕ ತೆಗೆದಳು.

"ನನ್ನ ಕಡ್ಡಿ ಮಂಗಳ್ವಾರದಿಂದ ನಿನ್ತಾವೇ ಅದೆ. ಕೇಳಿದ್ನಾ? ಉಂಡೇನೂ ಕೊಟ್ಟೆ. ಇನ್ನೇನು ಮಡೀಕೊಂಡಿವ್ನಿ ತೋರ್ಸು."

ದ್ಯಾವಮ್ಮ ಕಡ್ಡಿಯನ್ನು ಯಂತ್ರದ ಮೇಲಿಟ್ಟು ತನ್ನದನ್ನು ತೆಗೆದುಕೊಂಡಳು. ಆದರೂ ಮಾತು ನಿಲ್ಲಿಸಲಿಲ್ಲ. "ಮತ್ತೆ ನನ್ದ್ಯಾಕೆ ಬರಾಕಿಲ್ಲ?"

"ಸಡ್ಲ ಬುಡು ಅಂತ ಮೊದಲ್ನೇ ದಿನವೇ ಅಂದಿದ್ದೆ."

ಅಂದದ್ದು ನಿಜ. ಸಡಿಲ ಬಿಟ್ಟರೆ ಮಕ್ಕಳ ಕೈಯಲ್ಲಿ ಬಿಚ್ಚಿಹೋಗಿ ತನ್ನ ಹೆಸರೇ ಕೆಡಲಿ ಎಂದು ಹಾಗೆ ಹೇಳುತ್ತಿದ್ದಾಳೆಂದು ದ್ಯಾವಮ್ಮ ಆ ದಿನವೇ ತೀರ್ಮಾನಿಸಿದ್ದಳು.

"ಸಡ್ಲ ಗಂಟು ನಿಂತದಾ?" ಎನ್ನುತ್ತ ಬುಟ್ಟಿಯಿಂದ ನಾಲ್ಕು ಕಾಕಡ ಹೂ ಎತ್ತಿ, ಬಾಳೆನಾರು ಸುತ್ತಿ, ಹೆಬ್ಬೆರಳಿನಿಂದ ಗಕ್ಕನೆ ಜಗ್ಗಿದಳು. "ಇಂಗೆ ಬಿಗೀದಿದ್ರೆ ಮನೆ ಮುಟ್ಟೋ ಒಳ್ಗೆ ಊವು ಉದ್ರೋಯ್ತವೆ."

"ಅರೆ, ಅದನ್ನೇ ಉಲ್ಲನ್‌ಗೂ ಮಾಡ್ತಾ ಇದೀಯಲ್ಲ," ಅಂದಳು ಅಕ್ಬರಿ. "ಒಂದೊಂದು ಕುಣಿಕೆಗೂ ಜಗ್ಗು. ಇದ್ರಲ್ಲಿ ಉದ್ರಾಕೆ ಏನದೆ?"

ದ್ಯಾವಮ್ಮ ತನ್ನ ಹೆಬ್ಬೆರಳನ್ನೇ ನೋಡಿದಳು. ನಂಬಿಕೆ ಬಂದಿರಲಿಲ್ಲ. ಸುಳ್ಳೆಂದು ತೋರಿಸಲಿಕ್ಕೇ ಹೆಣೆಯಲು ಕೂತಳು. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಟ್ಟು, ಕುಣಿಕೆ ತಾನಾಗಿ ನಿಂತಲ್ಲಿ ಬಿಡುತ್ತ ಹೋದಳು. ಎರಡು ಸಲ ಬೆರಳು ತಪ್ಪಿಸಿಕೊಂಡು ಬಂದು ಜಗ್ಗಿತು. ಎರಡು ಸಲವೂ ಬಿಚ್ಚಿದಳು. ಶ್ವೇತ ಒಂದು ಬಸ್ಸು ಬಿಟ್ಟು ಕಾದಳು.

ಟೋಪಿ ಮೊಟ್ಟೆಯ ನಡುವಿಗೆ ಇಳಿಯಿತು.

"ಅಂಗಾರೆ ಹತ್ತು ನಿಂದೇ, ಸೋಮ್ವಾರ ಬೆಳಿಗ್ಗೆ," ಎಂದು ಶ್ವೇತ ಎರಡನೇ ಬಸ್ಸಿಗೆ ಓಡಿದಳು.

ಅಕ್ಬರಿ ಯಂತ್ರ ತುಳಿಯತೊಡಗಿದಳು. ದ್ಯಾವಮ್ಮನ ಕಡೆ ತಿರುಗಲಿಲ್ಲ.

"ಕೋಪವಾ ಅಕ್ಬರಿ?"

"ಕೇಳಿದ್ರೆ ಕಡ್ಡಿ ಕೊಡ್ತಿರ್ಲಿಲ್ವಾ ನಾನು?"

"ಟೇಪು ಕೊಡು," ಎಂದು ದ್ಯಾವಮ್ಮ ಈ ಸಲ ಕೇಳಿಯೇ ತೆಗೆದುಕೊಂಡಳು. ಇಬ್ಬರ ಟೋಪಿಗಳ ಅಂಚನ್ನೂ ಅಳೆದಳು. ಅಕ್ಬರಿಯದು ಹದಿಮೂರೂವರೆ ಸೆಂಟಿಮೀಟರು, ತನ್ನದು ಹದಿಮೂರು ಸೆಂಟಿಮೀಟರು ಎರಡು ಮಿಲಿಮೀಟರು. ಹೆಬ್ಬೆರಳು ಇನ್ನೂ ಮೂರು ಮಿಲಿಮೀಟರಿನಷ್ಟು ಜಗ್ಗುತ್ತಿತ್ತು.