ಹೊಳೆಯ ಆಚೆಗೂ ನಡೆಯುವ ಆದೇಶ

ಸಿದ್ದೀಕಾಳ ಕಿವಿಯ ಮಷೀನು ಕೆಟ್ಟು ತಿಂಗಳುಗಳೇ ಆಗಿದ್ದವು. ಶಾಲೆಯಲ್ಲಿ ಟೀಚರ್ ಕರೆದರೆ ಕೇಳಿಸುತ್ತಿರಲಿಲ್ಲ. ಪಕ್ಕದವರು ನಕ್ಕಾಗಲೇ ತನ್ನ ಹೆಸರು ಕೂಗಿದರೆಂದು ತಿಳಿಯುತ್ತಿತ್ತು. ಒಂದು ದಿನ ಚೀಲ ಮೂಲೆಗಿಟ್ಟು, "ನಾ ಇನ್ನ ಸಾಲಿಗೆ ಹೋಗಂಗಿಲ್ಲ" ಎಂದಳು. ಇಂಡಿ ಊರಿನ ತವರುಮನೆಯಲ್ಲಿ ರೊಟ್ಟಿ ಬಡಿದು ಮಾರುತ್ತಿದ್ದ ತಾಯಿ ಕೌಸರ ಆ ದಿನದ ದುಡ್ಡು ಎಣಿಸಿ ನೋಡಿದಳು. ಹೊಸ ಮಷೀನು ರೊಟ್ಟಿಯ ದುಡಿಮೆಯಲ್ಲಿ ಬರುವಂಥದ್ದಲ್ಲ.

ಹೆಂಡತಿಗೂ ಮಗಳಿಗೂ ತಿಂಗಳು ತಿಂಗಳು ಜೀವನಾಂಶ ಕೊಡಬೇಕೆಂದು ಇಂಡಿ ಕೋರ್ಟು ಗಂಡ ಯುನೂಸನಿಗೆ ಹಿಂದೆಯೇ ಆದೇಶ ಮಾಡಿತ್ತು. ಮೊದಮೊದಲು ಕೊಟ್ಟ. ಆಮೇಲೆ ಸೊಲ್ಲಾಪುರದ ಚಾದರ ಕಾರ್ಖಾನೆಯಲ್ಲಿ ಕೆಲಸ ಹಿಡಿದು ಭೀಮಾ ಹೊಳೆಯ ಆಚೆಗೆ ಹೋದವನು ಕೊಡುವುದನ್ನೇ ಬಿಟ್ಟ.

ಗಂಡಹೆಂಡಿರ ತಕರಾರು ಬಂದರೆ ಹಿರಿಯರು ಅಳಿಯನ ಮನೆಗೆ ಹೋಗಿ ಚಹಾ ಕುಡಿದು ಮಾತು ತರುವುದು ಆ ಮನೆತನದ ರೂಢಿ. ಕೌಸರಳ ಸೋದರಮಾವ ಬಾಬುಲಾಲ ಸೊಲ್ಲಾಪುರಕ್ಕೆ ಹೋಗಿ ಹೋಗಿ ಬಂದ. ಯುನೂಸ ಪ್ರತಿ ಸಲವೂ ಎರಡೂ ಕೈ ಹಿಡಿದು, "ಮುಂದಿನ ತಿಂಗಳ ಕೊಡ್ತೇನ್ರಿ ಮಾಮಾ" ಎಂದು ಹೇಳಿ, ಹೆಗಲಿಗೆ ಹೊಸ ಚಾದರ ಹೊದಿಸಿ ಕಳಿಸುತ್ತಿದ್ದ. ಮಾವನಿಗೆ ಅದೇ ದೊಡ್ಡ ಮರ್ಯಾದೆ. ಟ್ರಂಕಿನಲ್ಲಿ ಚಾದರ ಒಟ್ಟಿದವು. ಮನೆಗೆ ಬಿಡಿಗಾಸು ಬರಲಿಲ್ಲ.

ನೆರೆಮನೆಯ ಜಯಮಾಲಾ ತಾಲೂಕು ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ. ರೊಟ್ಟಿ ಒಯ್ಯಲು ಬಂದವಳು ಕೇಳಿದಳು: "ಆದೇಶ ಕೈಯಾಗ ಐತಿ, ಸುಮ್ಮನ ಯಾಕ ಕುಂತೀಯ ಕೌಸರ?"

ಕಟ್ಟೆಯ ಮೇಲಿದ್ದ ಬಾಬುಲಾಲನೇ ಬಾಯಿ ಹಾಕಿದ. "ಅದು ಕರ್ನಾಟಕದ ಆದೇಶ ಐತಿ ತಂಗಿ. ಅವ ಇರೋದು ಮಹಾರಾಷ್ಟ್ರದಾಗ. ನಮ್ಮ ಕೋರ್ಟಿನ ಮಾತು ಹೊಳಿ ದಾಟತೈತೇನು?"

"ನಿಮ್ಮ ಬಸ್ ದಾಟತೈತಿ, ಅವನ ಚಾದರ ದಾಟತಾವು. ಆದೇಶ ಯಾಕ ದಾಟಂಗಿಲ್ರಿ ಕಾಕಾ?"

ಕೌಸರಳಿಗೆ ನಗು ಬಂತು. ಮಾವನ ಮುಖ ನೋಡಿ ನುಂಗಿಕೊಂಡಳು.

"ಇಂಡಿ ಕೋರ್ಟಿನ್ಯಾಗನ ಜಾರಿ ಅರ್ಜಿ ಹಾಕಬಹುದ್ರಿ," ಎಂದಳು ಜಯಮಾಲಾ. "ಇಲ್ಲಾ, ಆದೇಶದ ನಕಲು ಒಯ್ದು ಅವ ಇರೋ ಊರಿನ ಕೋರ್ಟಿನ್ಯಾಗನೂ ಹಾಕಬಹುದು. ಕೇಸ್ ಮೊದಲಿಂದ ಮಾಡೋದು ಬ್ಯಾಡ."

"ವಕೀಲರ ಫೀ ಎಲ್ಲಿಂದ ತರ್ಲಿ ಜಯಾಕ್ಕಾ?" ಕೌಸರ ಮೆಲ್ಲಗೆ ಕೇಳಿದಳು.

"ಹೆಣ್ಮಕ್ಕಳಿಗೆ ಸಮಿತಿಯಿಂದ ವಕೀಲರು ಪುಕ್ಕಟ ಸಿಗ್ತಾರ."

"ಕೋರ್ಟಿಗೆ ಎಳದ್ರ ಸಂಬಂಧ ಹರೀತೈತಿ," ಎಂದ ಬಾಬುಲಾಲ. "ಇನ್ನೊಂದ ಸಲ ಹೋಗಿ ಬರ್ತೇನಿ. ಅವಸರ ಏನೈತಿ?"

"ಅವಸರ ಐತ್ರಿ ಕಾಕಾ. ಬಾಕಿ ಬಿದ್ದ ಒಂದೊಂದ ತಿಂಗಳಿಗೂ ವರ್ಷದೊಳಗ ಅರ್ಜಿ ಬೀಳಬೇಕು. ತಡಾ ಆದ್ರ ಆ ತಿಂಗಳದ ವಸೂಲಿಗೆ ವಾರಂಟ್ ಸಿಗಂಗಿಲ್ಲ. ಅವ ಚಾದರ ಕೊಟ್ಟು ಕೊಳ್ಳಾಕತ್ತಿದ್ದು ದಿನಾನ್ರಿ."

ಮಾವನೆದುರು ಎಂದೂ ದನಿ ಎತ್ತದ ಕೌಸರ ಆಗ ಅಂದಳು: "ಮಾಮಾ, ನನ್ನ ಸಲುವಾಗಿ ಭಾಳ ತಿರುಗಿದ್ರಿ. ನಿಮ್ಮ ಮಾತ ನಾ ಮೀರಿಲ್ಲ. ಆದ್ರ ನನ್ನ ಮಗಳಿಗೆ ಈಗ ಯಾರ ಮಾತೂ ಕೇಳಸಂಗಿಲ್ಲ."

ಸೋಮವಾರ ಮಾವನೇ ಅವಳನ್ನು ಕೋರ್ಟಿಗೆ ಕರೆದೊಯ್ದ. ಸಮಿತಿ ಕೊಟ್ಟ ವಕೀಲೆ ಆದೇಶ ಓದಿ, ಬಾಕಿಯ ಮೊದಲ ಕೆಲವು ತಿಂಗಳುಗಳು ವರ್ಷ ದಾಟಿ ಕೈ ತಪ್ಪಿವೆ ಎಂದರು. ಬಾಬುಲಾಲ ತಲೆ ಎತ್ತಲಿಲ್ಲ. ಉಳಿದ ಬಾಕಿಗೆ ಅಂದೇ ಅರ್ಜಿ ಬಿತ್ತು.

ಕೋರ್ಟಿನ ನೋಟಿಸು ಸೊಲ್ಲಾಪುರ ಮುಟ್ಟಿದಾಗ ಯುನೂಸನ ಫೋನು ಬಂತು. "ಮಾಮಾ, ಮನಿಗೆ ಬರ್ರಿ, ಕುಂತು ಮಾತಾಡೋಣು."

"ನೀನ ಇಂಡಿಗೆ ಬಾರಪಾ," ಎಂದ ಬಾಬುಲಾಲ. "ಏನ ಮಾತಿದ್ರೂ ಜಜ್ ಸಾಹೇಬ್ರ ಮುಂದ ಆಡು."

ಕೊನೆಗೆ ಯುನೂಸ ಬಾಕಿಯ ಒಂದು ಭಾಗವನ್ನು ಕೋರ್ಟಿನಲ್ಲಿ ಜಮಾ ಮಾಡಿದ. ಸಿದ್ದೀಕಾಳಿಗೆ ಹೊಸ ಮಷೀನು ಬಂತು. ಅವಳು ಮತ್ತೆ ಶಾಲೆಗೆ ಹೊರಟಳು. ಕೇಳಿಸದೆ ಕಳೆದ ಪಾಠಗಳನ್ನು ಮಾತ್ರ ಯಾವ ಕೋರ್ಟೂ ವಸೂಲಿ ಮಾಡಿಕೊಡಲಾರದು.

ಅಕ್ಕತಂಗಿಯರೇ, ಜೀವನಾಂಶ ಕೊಡಬೇಕಾದವರು ಬೇರೆ ರಾಜ್ಯಕ್ಕೆ ಹೋದರೆ ನಿಮ್ಮ ಹಕ್ಕು ಇಲ್ಲಿಯೇ ಸಾಯುವುದಿಲ್ಲ. ಹಿರಿಯರು ಮಾತಾಡಲಿ, ಬೇಡವೆನ್ನುವುದಿಲ್ಲ. ಆದರೆ ಅವರ ಮಾತು ಮುಗಿಯಲೆಂದು ಅರ್ಜಿಯನ್ನು ತಡೆಹಿಡಿಯಬೇಡಿ. ನಿಮ್ಮ ತಾಲೂಕಿನ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನು ಮಾಡಿ. ಈ ವಾರವೇ ಮಾಡಿ. ನಿಮ್ಮ ಮಕ್ಕಳಿಗೆ ಕಾಯುವಷ್ಟು ಪುರುಸೊತ್ತಿಲ್ಲ.