ಶಟ್ಟೆವ್ವನ ಗಾಳಿಗೂಡು

ಹೋತಚಂದ ಸಿಂಧ್ ಸೀಮೆಯ ಹೈದರಾಬಾದು ಬಿಟ್ಟು ಮೂರು ವರ್ಷವಾಗಿತ್ತು. ದೇಶ ಎರಡಾದಾಗ ಹಡಗು ಹತ್ತಿ ಮುಂಬಯಿಗೆ ಬಂದವನು, ಅಲ್ಲಿ ಇಲ್ಲಿ ಅಲೆದು ಕಡೆಗೆ ಬಸಯ್ಯನ ನಾಟಕ ಕಂಪನಿಯಲ್ಲಿ ಪರದೆ ಬರೆಯುವ ಕೆಲಸ ಹಿಡಿದಿದ್ದ. ಕಂಪನಿ ಬೈಲಹೊಂಗಲದಲ್ಲಿ ಕ್ಯಾಂಪು ಹಾಕಿದಾಗ ಬಸಯ್ಯ, "ನಾಯಕಿ ತವರುಮನಿದೊಂದು ಪರದೆ ಬೇಕು ನೋಡು" ಅಂದ.

ತವರು ಅಂದರೇನೆಂದು ಕೇಳಿ ತಿಳಿದುಕೊಂಡ ಹೋತಚಂದ, ತಾನು ಹುಟ್ಟಿ ಬೆಳೆದ ಮನೆಯನ್ನೇ ಬರೆದ. ಮಣ್ಣಿನ ಮಾಳಿಗೆ ಥೇಟ್ ಇಲ್ಲಿಯದರಂತೆಯೇ ಇತ್ತು. ಮೇಲೆ ಮಾತ್ರ, ಗಾಳಿ ಬೀಸುವ ದಿಕ್ಕಿಗೆ ಬಾಯಿ ತೆರೆದ ಎತ್ತರದ ಗೂಡುಗಳು.

"ಇವೇನೋ ತಮ್ಮಾ? ಮನಿಗೆ ಕಿವಿ ಮೂಡ್ಯಾವೇನು? ಅಳಿಸಿಬಿಡು!" ಅಂದ ಬಸಯ್ಯ.

"ಮಾಲಕ್ರ, ಗಾಳಿ ಇದರಾಗಿಂದ ಒಳಗ ಬರತದ."

ಕುಂಚ ಕೈಗೆತ್ತಿಕೊಂಡನೇನೋ ಹೌದು. ಆದರೆ ಅವ್ವ ಮಲಗುತ್ತಿದ್ದ ಹೊರಸಿಗೆ ತಂಪು ತರುತ್ತಿದ್ದ ಆ ಗೂಡುಗಳ ಮೇಲೆ ಬಣ್ಣ ಬಳಿಯಲು ಮನಸ್ಸು ಬರಲಿಲ್ಲ. ಆಟದ ಹೊತ್ತಾಯಿತು. ಪರದೆ ಹಾಗೆಯೇ ಇಳಿಯಿತು.

ಜನ ಹೋ ಎಂದು ನಕ್ಕರು. "ಪಾರಿವಾಳದ ಗೂಡೇನ್ರೀ?" ಎಂದು ಯಾರೋ ಕೂಗಿದ. ಮರೆಯಲ್ಲಿ ನಿಂತಿದ್ದ ಹೋತಚಂದನಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಅವನು ಬಸಯ್ಯನಿಗೆ ಹೇಳಿದ್ದ ಮಾತು ಕೇಳಿಸಿಕೊಂಡಿದ್ದ ನಾಯಕಿ ನರ್ಮದಾಬಾಯಿ ಆಗ ನಾಟಕದಲ್ಲಿ ಇಲ್ಲದ ಮಾತೊಂದನ್ನು ತಾನೇ ಸೇರಿಸಿದಳು: "ನಗಬ್ಯಾಡ್ರಿ! ತವರಿಗೆ ಬಂದ ಮಗಳಿಗೆ ಸೆಕಿ ಆಗಬಾರದಂತ ನಮ್ಮಪ್ಪ ಗಾಳಿನ್ನ ಮನಿಗೆ ಕರಕೊಂಡು ಬಂದಾನ!"

ಚಪ್ಪಾಳೆಯೋ ಚಪ್ಪಾಳೆ.

ಮರುದಿನ ಊರಿನ ಶಟ್ಟೆವ್ವ ಡೇರೆಗೇ ಬಂದಳು. ಅವಳು ಹೊಸ ಮನೆ ಕಟ್ಟಿಸುತ್ತಿದ್ದಳು, ಮಾಳಿಗೆ ಇನ್ನೂ ಮುಚ್ಚಿರಲಿಲ್ಲ. "ಖರೇನ ಗಾಳಿ ಬರತೈತೇನಪಾ? ಹಂಗಾರ ನನಗೂ ಒಂದು ಮಾಡಿಸಿಕೊಡು."

ಹೋತಚಂದ ಗೌಂಡಿಯ ಬೆನ್ನಿಗೆ ನಿಂತು ಗೂಡು ಕಟ್ಟಿಸಿದ. ಬೇಸಿಗೆಯಿಡೀ ಓಣಿಯ ಹೆಂಗಸರು ಅದರ ಕೆಳಗೇ ಕೂತು ಶಾವಿಗೆ ಹೊಸೆದರು. ಬಸಯ್ಯನೂ ಬಂದು ಒಂದು ನಿದ್ದೆ ತೆಗೆದು ಹೋದ.

ಮೊದಲ ಮಳೆಗೆ ಫಜೀತಿಯಾಯಿತು. ಗೂಡಿನಿಂದ ನೀರು ದಬದಬ ಸುರಿದು ಹಾಸಿಗೆ, ಹಿಟ್ಟು, ಶಟ್ಟೆವ್ವ ಎಲ್ಲ ತೊಯ್ದು ತೊಪ್ಪೆ. ಓಡಿಬಂದ ಹೋತಚಂದ ತಲೆ ತಗ್ಗಿಸಿ ನಿಂತ.

"ನಿಮ್ಮೂರಾಗ ಮಳಿ ಬರೂದಿಲ್ಲೇನೋ?"

"ಬಾಳ ಕಮ್ಮಿ, ಅವ್ವಾ. ನನಗ ಖಬರಽ ಇರಲಿಲ್ಲ."

ಶಟ್ಟೆವ್ವ ಸೆರಗು ಹಿಂಡುತ್ತಲೇ ನಗತೊಡಗಿದಳು. ಅವನಿಗೂ ತಡೆಯಲಾಗಲಿಲ್ಲ. ಊರು ಬಿಟ್ಟ ಮೇಲೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅದೇ ಮೊದಲು.

ಬಡಿಗ ಭರಮಪ್ಪ ಗೂಡಿಗೊಂದು ಹಲಗೆಯ ಮುಚ್ಚಳ ಮಾಡಿಕೊಟ್ಟ. ಮಳೆಗಾಲಕ್ಕೆ ಕಂಪನಿ ಮುಚ್ಚಿ ಎಲ್ಲರೂ ತಂತಮ್ಮ ಊರಿಗೆ ಹೊರಟಾಗ, ಶಟ್ಟೆವ್ವ ಹೋತಚಂದನ ಟ್ರಂಕನ್ನು ತನ್ನ ಮನೆಗೆ ಹೊರಿಸಿಕೊಂಡು ಬಂದಳು.

"ಮುಚ್ಚಳ ತಗಿಯೋರು, ಹಾಕೋರು ಯಾರು? ಈ ಮೊಣಕಾಲು ಕಟಗೊಂಡು ನಾ ಮಾಳಿಗಿ ಹತ್ತಲೇನು? ನೀ ಇಲ್ಲೇ ಇರು," ಎಂದವಳೇ ರೊಟ್ಟಿ ಬಡಿಯಲು ಕೂತಳು.